ಮುನ್ನೆಲೆಯ ಮನುಷ್ಯ

ಸೂರ್ಯಾಸ್ತದ ಚಿತ್ರ ತೆಗೆಯುವವರಿಗೆ ಬರಿಯ ಸೂರ್ಯ ಸಾಲುವುದಿಲ್ಲ. ಮೇಲುನೋಟಕ್ಕೆ ಇದು ವಿಚಿತ್ರವಾಗಿ ತೋರಬಹುದು. ಲೋಕವನ್ನೆಲ್ಲ ಬೆಳಗುವವನು, ಋಷಿಗಳಿಂದ ಹಿಡಿದು ರೈತರವರೆಗೆ ಎಲ್ಲರಿಂದಲೂ ಕೈ ಮುಗಿಸಿಕೊಂಡವನು, ಚಿತ್ರದ ಚೌಕಟ್ಟಿನೊಳಗೆ ಬಂದೊಡನೆ ಒಬ್ಬಂಟಿಯಾಗಿ ನಿಲ್ಲಲಾರದೆ ಹೋಗುತ್ತಾನೆ. ಛಾಯಾಚಿತ್ರಕಲೆಯ ಕೈಪಿಡಿಗಳನ್ನು ತೆರೆದು ನೋಡಿದರೆ, ಉದಯಾಸ್ತಗಳ ವಿಚಾರ ಬಂದಾಗ ತಪ್ಪದೆ ಕಾಣುವ ಉಪದೇಶವೊಂದಿದೆ: ಮುಂದುಗಡೆ ಏನನ್ನಾದರೂ ಇಟ್ಟುಕೊಳ್ಳಿ. ಒಂದು ಬಂಡೆಯಾಗಲಿ, ತೆಂಗಿನ ಮರವಾಗಲಿ, ದಡಕ್ಕೆ ಎಳೆದ ದೋಣಿಯಾಗಲಿ. ಅವೆಲ್ಲಕ್ಕಿಂತ ಉತ್ತಮವೆಂದರೆ ಒಬ್ಬ ಮನುಷ್ಯ.

ಈ ಉಪದೇಶ ಸುಮ್ಮನೆ ಹುಟ್ಟಿದ್ದಲ್ಲ. ಆಕಾಶದಲ್ಲಿ ಸೂರ್ಯಬಿಂಬದ ಅಗಲ ಹೆಚ್ಚು ಕಡಮೆ ಅರ್ಧ ಡಿಗ್ರಿ. ತೋಳು ನೀಡಿ ಕಿರುಬೆರಳೊಂದನ್ನು ಅಡ್ಡ ಹಿಡಿದರೆ ಅವನು ಪೂರ್ತಿಯಾಗಿ ಮರೆಯಾಗುತ್ತಾನೆ. ೫೦ ಮಿಲಿಮೀಟರಿನ ಸಾಮಾನ್ಯ ಮಸೂರದ ಮೂಲಕ ಫಿಲ್ಮಿನ ಮೇಲೆ ಬೀಳುವ ಅವನ ಬಿಂಬ ಅರ್ಧ ಮಿಲಿಮೀಟರಿನಷ್ಟು, ಸಾಸಿವೆಕಾಳಿಗಿಂತಲೂ ಸಣ್ಣದು. ಆಗುಂಬೆಯಲ್ಲಿ ನಿಂತು ಮೈಮರೆತವರು ಊರಿಗೆ ಬಂದು ಚಿತ್ರ ನೋಡಿದಾಗ ‘ಇಷ್ಟೇನೆ?’ ಎಂದು ಪೆಚ್ಚಾಗುವುದು ಇದರಿಂದಲೇ. ದಿಗಂತದ ಬಳಿ ಸೂರ್ಯನನ್ನು ದೊಡ್ಡವನನ್ನಾಗಿ ಮಾಡಿ ತೋರಿಸುವುದು ನಮ್ಮ ಮನಸ್ಸು, ಮಸೂರಕ್ಕೆ ಮನಸ್ಸಿಲ್ಲ. ದೂರದ್ದು ದೊಡ್ಡದೆಂದು ತಿಳಿಯಬೇಕಾದರೆ ಹತ್ತಿರದ್ದೊಂದು ಅಳತೆಗೋಲು ಬೇಕು.

ನಮ್ಮ ಭಾಷೆಗೆ ಈ ಗುಟ್ಟು ಕ್ಯಾಮೆರಾ ಹುಟ್ಟುವ ಮೊದಲೇ ತಿಳಿದಿತ್ತು. ಸಂಜೆಗೆ ಗೋಧೂಳಿ ಎಂದು ಹೆಸರು. ಆ ಹೆಸರಿನಲ್ಲಿ ಸೂರ್ಯನ ಸುದ್ದಿಯೇ ಇಲ್ಲ. ಇರುವುದು ಮನೆಗೆ ಮರಳುವ ದನಗಳ ಗೊರಸಿನಿಂದ ಎದ್ದ ಧೂಳು. ‘ದೀಪ ಹಚ್ಚುವ ಹೊತ್ತು’ ಎನ್ನುತ್ತೇವೆ. ಅಲ್ಲಿ ಕಾಣುವುದು ಹಚ್ಚುವವರ ಕೈ. ‘ಹೊತ್ತು ಮಾರುದ್ದ ಏರಿತ್ತು’ ಎಂದು ಹಳ್ಳಿಯವರು ಹೇಳುವಾಗ, ಸುಮಾರು ೧೫ ಕೋಟಿ ಕಿಲೋಮೀಟರು ಆಚೆಗಿರುವವನನ್ನು ತಮ್ಮ ಎರಡು ತೋಳುಗಳ ಚಾಚಿನಿಂದ ಅಳೆಯುತ್ತಾರೆ. ಹತ್ತಿರದ್ದನ್ನು ಹಿಡಿದುಕೊಂಡೇ ದೂರದ್ದನ್ನು ಮುಟ್ಟುವುದು ಮನುಷ್ಯನ ಸಹಜ ಕ್ರಮ.

ಕಾವ್ಯವೂ ಇದೇ ದಾರಿಯಲ್ಲಿ ನಡೆದುಬಂದಿದೆ. ದಂಡಿ ‘ಕಾವ್ಯಾದರ್ಶ’ದಲ್ಲಿ ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ಸೂರ್ಯೋದಯ ಚಂದ್ರೋದಯಗಳು ಸೇರಿವೆ, ಅಷ್ಟಾದಶ ವರ್ಣನೆಗಳ ಈ ಸಾಲವನ್ನು ನಮ್ಮ ಹಳಗನ್ನಡದ ಕವಿಗಳು ಶ್ರದ್ಧೆಯಿಂದ ತೀರಿಸಿದರು. ಆದರೆ ಬರಿಯ ಸೂರ್ಯಬಿಂಬದಿಂದ ತೃಪ್ತರಾದವರು ವಿರಳ. ಮುಚ್ಚಿಕೊಳ್ಳುವ ತಾವರೆ ಬೇಕು, ಅಗಲುವ ಚಕ್ರವಾಕಗಳು ಬೇಕು, ಎಲ್ಲಕ್ಕೂ ಮಿಗಿಲಾಗಿ ಆ ಹೊತ್ತಿನಲ್ಲಿ ಯಾರನ್ನೋ ಕಾಯುತ್ತ ನಿಂತ ಒಂದು ಜೀವ ಬೇಕು. ಆಲಂಕಾರಿಕರು ಇದಕ್ಕೆ ಲೆಕ್ಕ ಬರೆದಿಟ್ಟಿದ್ದಾರೆ. ಯಾರನ್ನು ಆಶ್ರಯಿಸಿ ಭಾವ ಹುಟ್ಟುತ್ತದೆಯೋ ಅದು ಆಲಂಬನ. ಹುಟ್ಟಿದ ಭಾವವನ್ನು ಪ್ರಜ್ವಲಗೊಳಿಸುವ ಬೆಳುದಿಂಗಳು, ಉದ್ಯಾನ, ಸಂಜೆ ಮುಂತಾದವು ಉದ್ದೀಪನ. ಶಕುಂತಲೆ ಆಲಂಬನ, ಮಾಲಿನಿಯ ತೀರ ಉದ್ದೀಪನ. ಅವರ ಲೆಕ್ಕದಲ್ಲಿ ಮನುಷ್ಯನಿಗಾಗಿ ಸಂಜೆ, ಸಂಜೆಗಾಗಿ ಮನುಷ್ಯನಲ್ಲ.

ಈಗಿನ ಸೂರ್ಯಾಸ್ತದ ಚಿತ್ರಗಳಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಸೂರ್ಯ ಆಲಂಬನವಾಗಿ ಮನುಷ್ಯ ಉದ್ದೀಪನಕ್ಕೆ ಇಳಿದಿದ್ದಾನೆ. ಬಲೆ ಹೊತ್ತವನು, ಕೊಡ ಹೊತ್ತವಳು, ಗಾಡಿ ಹೊಡೆಯುವವನು, ಎಲ್ಲರೂ ಕೆಂಪು ಆಕಾಶದ ಮುಂದೆ ಕತ್ತರಿಸಿ ಅಂಟಿಸಿದ ಕಪ್ಪು ಕಾಗದದ ಬೊಂಬೆಗಳು. ದೂರದ ಚೆಲುವಿಗೆ ಮೆರುಗು ಕೊಡುವುದಕ್ಕಾಗಿ ಹತ್ತಿರದ ಮನುಷ್ಯನನ್ನು ಹೀಗೆ ಕಪ್ಪು ಆಕಾರವನ್ನಾಗಿ ಮಾಡುವುದು ಸರಿಯೆ? ಕಲೆಯ ಪ್ರಶ್ನೆಯಂತೆ ತೋರುವ ಇದು ನೀತಿಯ ಪ್ರಶ್ನೆಯೂ ಹೌದೆಂದು ನನ್ನ ಭಾವನೆ.

‘ಕಪ್ಪು ಮಾಡುವವರು ನಾವಲ್ಲ, ಬೆಳಕು’ ಎಂದು ಛಾಯಾಚಿತ್ರಕಾರರು ಹೇಳಬಹುದು. ಮಾತಿನಲ್ಲಿ ಅರ್ಧ ಸತ್ಯವಿದೆ. ಅಸ್ತಮಯದ ಆಕಾಶಕ್ಕೂ ಅದರ ಎದುರು ನಮಗೆ ಬೆನ್ನು ಮಾಡಿ ನಿಂತವನಿಗೂ ಬೆಳಕಿನಲ್ಲಿ ಅಜಗಜಾಂತರ. ನಮ್ಮ ಕಣ್ಣು ಎರಡನ್ನೂ ಹೇಗೋ ಹೊಂದಿಸಿಕೊಳ್ಳುತ್ತದೆ; ಕ್ಯಾಮೆರಾಕ್ಕೆ ಆ ಉದಾರತೆಯಿಲ್ಲ. ಆಕಾಶದ ಬಣ್ಣ ಉಳಿಯಬೇಕಾದರೆ ಮನುಷ್ಯ ಕಪ್ಪಾಗಬೇಕು. ಮನುಷ್ಯನ ಮುಖ ತಿಳಿಯಬೇಕಾದರೆ ಆಕಾಶ ಬಿಳುಚಿ ಹೋಗಬೇಕು. ಈ ಸಂಕಟ ಛಾಯಾಚಿತ್ರದಷ್ಟೇ ಹಳೆಯದು. ೧೮೫೬-೫೭ರ ಸುಮಾರಿನಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿನ ಚಿತ್ರಗಳನ್ನು ತೆಗೆಯುವಾಗ ಇದೇ ತೊಡಕನ್ನು ಎದುರಿಸಿದ. ಅಂದಿನ ಗಾಜಿನ ಫಲಕಗಳಿಗೆ ನೀಲಿ ಬೆಳಕೆಂದರೆ ಅತಿ ಮೋಹ. ಕಡಲು ಮೂಡುವಷ್ಟರಲ್ಲಿ ಆಕಾಶ ಬರಿ ಬಿಳುಪಾಗುತ್ತಿತ್ತು. ಅವನು ಕೆಲವು ಚಿತ್ರಗಳಿಗೆ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಹಾಳೆಯ ಮೇಲೆ ಮುದ್ರಿಸಿದ. ಅನಂತರ ಅರ್ಧ ಕಪ್ಪು ಅರ್ಧ ತಿಳಿಯಾದ ಗಾಜಿನ ಶೋಧಕಗಳು ಬಂದವು. ಈಗ ಅಂಗೈಯ ಮೊಬೈಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರಗಳನ್ನು ಹಿಡಿದು ಒಂದಾಗಿ ಕೂಡಿಸಿಬಿಡುತ್ತದೆ. ಆದ್ದರಿಂದ ಮನುಷ್ಯ ಕಪ್ಪಾಗುವುದು ವಿಧಿಲಿಖಿತವೇನೂ ಅಲ್ಲ, ತೆಗೆಯುವವನ ತೀರ್ಮಾನ. ಯಾವುದು ಮುಖ್ಯವೆಂದು ಅವನು ನಿಶ್ಚಯಿಸುತ್ತಾನೋ ಅದಕ್ಕೆ ಬೆಳಕನ್ನು ಹೊಂದಿಸುತ್ತಾನೆ, ಉಳಿದದ್ದು ಕತ್ತಲೆಗೆ.

ಬಂಡೆಯ ವಿಷಯದಲ್ಲಿ, ಮರದ ವಿಷಯದಲ್ಲಿ ನನಗೆ ಯಾವ ತಕರಾರೂ ಇಲ್ಲ. ಮರಕ್ಕೆ ಹೆಸರಿಲ್ಲ, ಮನೆಗೆ ಹೋಗುವ ಆತುರವಿಲ್ಲ. ತೊಡಕು ಹುಟ್ಟುವುದು ಮನುಷ್ಯ ಮರದ ಸ್ಥಾನಕ್ಕೆ ಬಂದಾಗ. ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ ಮಲ್ಪೆಯ ಕಡಲತೀರದಲ್ಲಿ ತೆಗೆದ ಚಿತ್ರವೊಂದನ್ನು ತಂದು ತೋರಿಸಿದ. ನಿಜವಾಗಿಯೂ ಚೆಲುವಾದ ಚಿತ್ರ. ಕುಂಕುಮದಂಥ ಸೂರ್ಯ, ಅವನ ಕೆಳಗೆ ಸಾಲಾಗಿ ಬಾಗಿ ಹಗ್ಗವೆಳೆಯುವ ಆರೇಳು ಕಪ್ಪು ಆಕೃತಿಗಳು. ‘ಇವರು ಯಾರಪ್ಪ?’ ಎಂದೆ. ಅವನು ಕೊಂಚವೂ ತಡವರಿಸದೆ, ‘ಅವರು ಮುನ್ನೆಲೆ, ಸಾರ್’ ಎಂದ.

ಹುಡುಗನಲ್ಲಿ ಕೆಡುಕಿರಲಿಲ್ಲ. ಕೈಪಿಡಿ ಕಲಿಸಿದ ಪಾರಿಭಾಷಿಕ ಪದವನ್ನು ಶುದ್ಧವಾಗಿ ಪ್ರಯೋಗಿಸಿದ್ದ, ಅಷ್ಟೆ. ಆದರೆ ಅವರು ಎಳೆಯುತ್ತಿದ್ದದ್ದು ಕೈರಂಪಣಿ. ಅದಕ್ಕೊಂದು ಚರಿತ್ರೆಯಿದೆ. ಒಂದು ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ದೊಡ್ಡ ರಂಪಣಿ ಬಲೆಗಳಿದ್ದವು. ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಅದರ ಎರಡು ತುದಿಗಳನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿಗಳು ರಾಶಿರಾಶಿಯಾಗಿ ಬರುತ್ತಿದ್ದವು. ಬಂದದ್ದನ್ನು ಎಳೆದವರೆಲ್ಲ ಹಂಚಿಕೊಳ್ಳುತ್ತಿದ್ದರು. ೧೯೭೦ರ ದಶಕದ ಕೊನೆಯ ಭಾಗದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಹರಡಿದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಅವನ್ನು ನಡುಗಡಲಿನಲ್ಲಿ ಸುತ್ತುಗಟ್ಟತೊಡಗಿದವು. ರಂಪಣಿಯ ಗುಂಪುಗಳು ಒಂದೊಂದಾಗಿ ಒಡೆದವು. ಇಂದು ಅಲ್ಲಲ್ಲಿ ಎಳೆಯುವ ಕೈರಂಪಣಿ ಆ ದೊಡ್ಡ ಬಲೆಯ ಸಣ್ಣ ತಂಗಿ. ಕೆಂಪು ಆಕಾಶದ ಮುಂದಿನ ಕಪ್ಪು ಆಕೃತಿಯನ್ನು ಕಂಡು ನಾವು ‘ಅನಾದಿಕಾಲದ ದೃಶ್ಯ’ ಎನ್ನುತ್ತೇವೆ. ಅದು ಅನಾದಿಯಲ್ಲ, ಅದಕ್ಕೆ ತಾರೀಖಿದೆ, ಸೋಲಿದೆ, ಸಾಲವಿದೆ. ಕಪ್ಪು ಬಳಿದದ್ದರಿಂದ ಮುಖ ಮಾತ್ರವೇ ಅಳಿಯಲಿಲ್ಲ, ಕಾಲವೂ ಅಳಿಯಿತು.

ವಾಚಕರು ಇಲ್ಲಿ ನನ್ನನ್ನು ತಡೆಯಬಹುದು. ‘ಚಿತ್ರ ತೆಗೆದದ್ದರಿಂದ ಆ ಬೆಸ್ತರಿಗೆ ಏನು ನಷ್ಟವಾಯಿತು? ಬಲೆ ಹರಿಯಿತೆ? ಮೀನು ಕಡಮೆಯಾಯಿತೆ? ಅದಲ್ಲದೆ, ಮುಖ ಕಾಣದಿರುವುದೇ ಅವರಿಗೆ ಮರ್ಯಾದೆಯಲ್ಲವೆ? ಬಡವರ ದಣಿದ ಮುಖವನ್ನು ಹತ್ತಿರದಿಂದ ಸೆರೆಹಿಡಿದು ಗೋಡೆಗೆ ತೂಗುಹಾಕುವುದಕ್ಕಿಂತ ಈ ಕತ್ತಲೆಯೇ ಮೇಲು.’ ಈ ಆಕ್ಷೇಪಕ್ಕೆ ತೂಕವಿದೆ. ಎಲ್ಲ ಕತ್ತಲೆಯೂ ಅವಮಾನವಲ್ಲ. ಜರ್ಮನಿಯ ಕಾಸ್ಪರ್ ದಾವಿದ್ ಫ್ರೀಡ್ರಿಕ್ ಸುಮಾರು ೧೮೧೮ರಲ್ಲಿ ಬರೆದ ವರ್ಣಚಿತ್ರವೊಂದಿದೆ. ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ, ಕೈಗಳನ್ನು ತುಸು ಚಾಚಿ, ಬೆಳಕಿನ ಕಡೆಗೆ ನಿಂತಿದ್ದಾಳೆ. ಅದು ಉದಯವೋ ಅಸ್ತವೋ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಏಕಾಭಿಪ್ರಾಯವಿಲ್ಲ. ಅವಳ ಮುಖ ನಮಗೆ ಕಾಣುವುದಿಲ್ಲ. ಆದರೂ ಅವಳು ಕಳೆದುಹೋಗಿಲ್ಲ. ಏಕೆಂದರೆ ಸೂರ್ಯನನ್ನು ನೋಡುತ್ತಿರುವವಳು ಅವಳು. ನಾವು ಅವಳ ಹಿಂದೆ ನಿಂತು ಅವಳ ನೋಟವನ್ನು ಕಡ ಪಡೆಯುತ್ತೇವೆ. ಮುನ್ನೆಲೆಯಲ್ಲಿದ್ದರೂ ಅವಳು ಚಿತ್ರದ ಒಡತಿ.

ಭೇದವಿರುವುದು ಇಲ್ಲಿಯೇ. ಮುಖ ಕಾಣುತ್ತದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ಮುನ್ನೆಲೆಯ ಮನುಷ್ಯನ ಜೊತೆಗೆ ನಿಂತು ನೋಡುತ್ತೇವೆಯೋ ಅಥವಾ ಅವನ ಮೂಲಕ ಹಾಯ್ದು ನೋಡುತ್ತೇವೆಯೋ ಎಂಬುದು ಮುಖ್ಯ. ನಷ್ಟವೇನೆಂಬ ಪ್ರಶ್ನೆಗೂ ಇದೇ ಉತ್ತರ. ಬೆಸ್ತನಿಗೆ ನಷ್ಟವಾಗಿರಲಾರದು, ಹಾಯ್ದು ನೋಡುವ ಅಭ್ಯಾಸ ಬೆಳೆಸಿಕೊಂಡ ಕಣ್ಣು ನಮ್ಮದು, ಆ ಕಣ್ಣು ಸಮುದ್ರತೀರದಲ್ಲಿಯೇ ಉಳಿಯದೆ ನಮ್ಮೊಡನೆ ಊರಿಗೂ ಮನೆಗೂ ಬರುತ್ತದೆ. ಮನೆಗೆಲಸದವಳನ್ನು, ಬಸ್ಸಿನ ಕಂಡಕ್ಟರನ್ನು, ಕಚೇರಿಯ ಜವಾನನನ್ನು ನಾವು ನೋಡುವುದು ಎಷ್ಟೋ ವೇಳೆ ಇದೇ ರೀತಿಯಲ್ಲಿ: ನಮ್ಮ ಬದುಕಿನ ಬೆಳಕಿಗೆ ಎದುರಾಗಿ ಸರಿಯುವ ಆಕೃತಿಗಳಾಗಿ.

ಹಾಯ್ದು ನೋಡುವ ಈ ಹಸಿವು ಬೆಳೆದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಸಿಂಹಳದ ದಕ್ಷಿಣ ತೀರ ಸಾಕ್ಷಿ. ಗಾಲೆಯಿಂದ ವೆಲಿಗಾಮದವರೆಗಿನ ಆಳವಿಲ್ಲದ ಕಡಲಿನಲ್ಲಿ ಕಂಬ ನೆಟ್ಟು, ಅದಕ್ಕೊಂದು ಅಡ್ಡಕೋಲು ಕಟ್ಟಿ, ಅದರ ಮೇಲೆ ಕುಳಿತು ಗಾಳ ಹಾಕುವ ಬೆಸ್ತರಿದ್ದಾರೆ. ೧೯೯೫ರಲ್ಲಿ ಸ್ಟೀವ್ ಮೆಕರಿ ತೆಗೆದ ಅವರ ಚಿತ್ರ ಜಗತ್ತಿನಲ್ಲೆಲ್ಲ ಹರಡಿತು. ೨೦೦೪ರ ಡಿಸೆಂಬರಿನ ಸುನಾಮಿ ಆ ತೀರವನ್ನು ಧ್ವಂಸಮಾಡಿತು. ಈಗ ಅಲ್ಲಿ ಕಂಬವೇರಿ ಕುಳಿತವರಲ್ಲಿ ಬಹಳ ಮಂದಿ ಕುಳಿತಿರುವುದು ಮೀನಿಗಾಗಿಯಲ್ಲ, ಚಿತ್ರಕ್ಕಾಗಿ. ದಡದಲ್ಲಿ ಒಬ್ಬ ನಿಂತು ಪ್ರವಾಸಿಗಳಿಂದ ಹಣ ವಸೂಲು ಮಾಡುತ್ತಾನೆ. ಅವರನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ಮೀನು ಕೊಡದ ಅನ್ನವನ್ನು ಸೂರ್ಯಾಸ್ತ ಕೊಟ್ಟರೆ ಬೇಡವೆನ್ನಲು ನಾವು ಯಾರು? ದುಡಿಮೆಯೇ ತಪ್ಪಿಹೋದವನಿಗೆ ದುಡಿಯುವವನಂತೆ ನಟಿಸುವುದಕ್ಕೆ ಕೂಲಿ ಕೊಡುವ ಲೋಕದ ವಿಷಯ ಮಾತ್ರ ಯೋಚಿಸಬೇಕಾದದ್ದು. ಅವನ ನಿನ್ನೆ ನಮಗೆ ಬೇಕು. ಅವನ ಇಂದು ಚೌಕಟ್ಟಿಗೆ ಹೊಂದುವುದಿಲ್ಲ.

೧೭೮೫ರಲ್ಲಿ ಪ್ರಕಟವಾದ ತನ್ನ ನೀತಿಗ್ರಂಥದಲ್ಲಿ ತತ್ತ್ವಜ್ಞಾನಿ ಕಾಂಟ್, ಮನುಷ್ಯನನ್ನು ಎಂದೂ ಕೇವಲ ಸಾಧನವಾಗಿ ಕಾಣಬಾರದೆಂದು ವಿಧಿಸಿದ. ಆ ‘ಕೇವಲ’ ಎಂಬ ಮಾತು ಬಹು ಮುಖ್ಯವಾದದ್ದು. ಒಬ್ಬರನ್ನೊಬ್ಬರು ಬಳಸಿಕೊಳ್ಳದೆ ಲೋಕ ನಡೆಯುವುದಿಲ್ಲ. ಹಾಲಿನವನೂ ಅಧ್ಯಾಪಕನೂ ಇನ್ನೊಬ್ಬರಿಗೆ ಸಾಧನಗಳೇ. ಆದ್ದರಿಂದ ಮನುಷ್ಯನಿರುವ ಸೂರ್ಯಾಸ್ತವನ್ನು ತೆಗೆಯಲೇಬಾರದೆಂದು ನಾನು ಹೇಳುತ್ತಿಲ್ಲ. ತೆಗೆದ ಚಿತ್ರದ ಕೆಳಗೆ ಆ ಮನುಷ್ಯನ ವಿಷಯವಾಗಿ ನಿಜವಾದ ಒಂದು ವಾಕ್ಯವನ್ನು ಬರೆಯಬಲ್ಲೆವೆ ಎಂದು ನಮ್ಮನ್ನು ನಾವು ಕೇಳಿಕೊಂಡರೆ ಸಾಕು. ‘ಬಾಳಪಯಣ’, ‘ಸಂಜೆಯ ಸೊಬಗು’ ಎಂಬ ಶೀರ್ಷಿಕೆಗಳಲ್ಲ. ಇವರು ಕೈರಂಪಣಿ ಎಳೆಯುತ್ತಿದ್ದಾರೆ, ಈ ದಿನ ಬಲೆಗೆ ಇಷ್ಟು ಬಿತ್ತು, ಎಂಬಂಥ ವಾಕ್ಯ. ಅದನ್ನು ಬರೆಯಬೇಕಾದರೆ ಹತ್ತಿರ ಹೋಗಿ ಕೇಳಬೇಕು. ಕೇಳಿದ ಮೇಲೆ ಅವನು ಕೇವಲ ಮುನ್ನೆಲೆಯಾಗಿ ಉಳಿಯುವುದು ಕಷ್ಟ.

ಹತ್ತಿರ ಹೋಗುವುದಕ್ಕೆ ಪ್ರಕೃತಿಯೇ ಸಮಯ ಒದಗಿಸಿದೆ. ಬಿಂಬ ಮುಳುಗಿದೊಡನೆ ಜನ ಎದ್ದು ಮರಳು ಕೊಡವಿಕೊಂಡು ಬಸ್ಸಿನ ಕಡೆಗೆ ಹೊರಡುತ್ತಾರೆ. ಆದರೆ ನಮ್ಮ ಸೀಮೆಯಲ್ಲಿ ಅಲ್ಲಿಂದ ಮುಂದೆ ೨೦ ನಿಮಿಷಕ್ಕೂ ಮಿಕ್ಕಿ ನಸುಬೆಳಕು ಉಳಿದಿರುತ್ತದೆ. ಆಕಾಶದ ಉರಿ ತಗ್ಗಿ, ನೆಲದ ಕತ್ತಲೆಗೂ ಅದಕ್ಕೂ ಇದ್ದ ಜಗಳ ತೀರುತ್ತ ಬರುತ್ತದೆ. ಆಗ ಬಣ್ಣವೂ ಮುಖವೂ ಒಂದೇ ಚಿತ್ರದಲ್ಲಿ ಕೂಡಿ ಬಾಳಬಲ್ಲವು. ಅದಕ್ಕೂ ಕಾಯಬೇಕಾಗಿಲ್ಲ. ಪಡುವಣ ಕಡಲಿಗೆ ಮುಖಮಾಡಿ ಹಗ್ಗವೆಳೆಯುವವನ ಬೆನ್ನು ಮಾತ್ರ ನಮಗೆ ಕಪ್ಪು. ಅದೇ ಹೊತ್ತಿನಲ್ಲಿ ಅವನ ಮುಖದ ಮೇಲೆ ಸೂರ್ಯ ಹೊನ್ನನ್ನು ಸುರಿಯುತ್ತಿರುತ್ತಾನೆ. ಹತ್ತು ಹೆಜ್ಜೆ ಸುತ್ತಿ ನೀರಿನಲ್ಲಿ ಕಾಲು ತೋಯಿಸಿಕೊಂಡರೆ ಅದು ಕಾಣುತ್ತದೆ.

ಖಗೋಳಶಾಸ್ತ್ರಜ್ಞರು ಇನ್ನೊಂದು ಸಂಗತಿ ಹೇಳುತ್ತಾರೆ. ದಿಗಂತದ ಬಳಿ ವಾತಾವರಣವು ಬೆಳಕನ್ನು ಬಾಗಿಸುವುದರಿಂದ, ಸೂರ್ಯನ ಕೆಳಗಿನ ಅಂಚು ಕಡಲನ್ನು ಮುಟ್ಟಿತೆಂದು ನಮಗೆ ತೋರುವ ಹೊತ್ತಿಗೆ, ಲೆಕ್ಕದ ಪ್ರಕಾರ ಅವನು ಪೂರ್ತಿಯಾಗಿ ದಿಗಂತದ ಕೆಳಗೆ ಇಳಿದಾಗಿರುತ್ತದೆ. ನಾವು ಉಸಿರು ಬಿಗಿಹಿಡಿದು ಕ್ಯಾಮೆರಾ ಒತ್ತುವುದು ಅಲ್ಲಿ ಇಲ್ಲದ ಸೂರ್ಯನಿಗಾಗಿ. ಬಲೆಯೆಳೆಯುವವನಾದರೋ ಕಂಡಲ್ಲಿಯೇ ಇದ್ದಾನೆ. ಹಗ್ಗ ಇನ್ನೂ ಅರ್ಧ ನೀರಿನಲ್ಲಿದೆ, ಕತ್ತಲಾಗುವುದರೊಳಗೆ ಅವನು ಅದನ್ನು ದಡಕ್ಕೆ ತರಬೇಕಾಗಿದೆ.