ಲಾಂಚ್ ನಿಂತದ್ದಕ್ಕೆ ಮರುಗುವವರು ಯಾರು?

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್. ಆ ದಿನಗಳಲ್ಲಿ ಸೇತುವೆಯ ಚಿತ್ರಗಳ ಜೊತೆಗೇ ಸಿಗಂದೂರು ಲಾಂಚಿನ ಹಳೆಯ ಚಿತ್ರಗಳೂ ಫೋನಿನಿಂದ ಫೋನಿಗೆ ಹರಿದಾಡಿದವು. ‘ಇನ್ನು ಆ ಮಜಾ ಇಲ್ಲ’ ಎಂಬ ಮಾತು ನಮ್ಮ ಹಾಲಾಡಿ ಕಡೆಯಲ್ಲೂ ಕೇಳಿಸಿತು. ಈ ಬೇಸರ ಸುಳ್ಳಲ್ಲ. ಆದರೆ ಇನ್ನೊಬ್ಬರ ಕಷ್ಟ ಮುಗಿದಾಗ ನಮಗೆ ಬೇಸರವಾಗುವುದು ಸರಿಯೇ ಎಂದು ಒಮ್ಮೆ ಕೇಳಿಕೊಳ್ಳಬೇಕು.

ತುಮರಿ ಸುತ್ತಲಿನ ಊರುಗಳು ಹುಟ್ಟಿನಿಂದ ದ್ವೀಪವಲ್ಲ. ಗ್ರೀಸಿನ ದ್ವೀಪಗಳನ್ನು ಸಮುದ್ರವೇ ದ್ವೀಪ ಮಾಡಿದೆ. ಅಲ್ಲಿಂದ ದಡಕ್ಕೆ ಬರಲು ದೋಣಿ ಬೇಕೆಂದರೆ ಅದಕ್ಕೆ ಯಾರನ್ನೂ ದೂರುವಂತಿಲ್ಲ. ತುಮರಿಯನ್ನು ದ್ವೀಪ ಮಾಡಿದ್ದು ಒಂದು ತೀರ್ಮಾನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು, ನೀರು ಏರಿತು, ಗದ್ದೆ ತೋಟ ಮನೆಗಳು ಮುಳುಗಿದವು. ಮುಳುಗದೆ ಉಳಿದವರಿಗೆ ಮೂರು ಕಡೆ ನೀರು, ಒಂದು ಕಡೆ ಕಾಡು. ತಾಲೂಕು ಕೇಂದ್ರವಾದ ಸಾಗರ ಆಚೆ ದಡದಲ್ಲಿ. ನಾಡಿಗೆ ಬೆಳಕು ಕೊಡಲು ಅವರು ಕತ್ತಲೆಯ ಕಡೆ ಉಳಿದರು. ನಾ. ಡಿಸೋಜರ ‘ದ್ವೀಪ’ ಕಾದಂಬರಿ, ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ಸಿನಿಮಾ ಈ ಮುಳುಗಡೆಯ ನೋವನ್ನು ನಮಗೆ ತೋರಿಸಿವೆ.

ಕರಾವಳಿಯಿಂದ ಹೋಗುವವರಿಗೆ ಸಿಗಂದೂರು ತಲುಪಲು ಲಾಂಚ್ ಬೇಕಿರಲಿಲ್ಲ. ಕೊಲ್ಲೂರು ದಾಟಿ ಘಾಟಿ ಹತ್ತಿದರೆ ನೆಲದ ಮೇಲೆಯೇ ದೇವಸ್ಥಾನ ಸಿಗುತ್ತದೆ. ನಮ್ಮವರು ಲಾಂಚ್ ಹತ್ತುತ್ತಿದ್ದದ್ದು ಸಾಗರಕ್ಕೋ ಜೋಗಕ್ಕೋ ಮುಂದೆ ಹೋಗಲು, ಇಲ್ಲವೇ ಬರೀ ಹತ್ತುವ ಆಸೆಗೆ. ಬಸ್ಸು, ಜೀಪು, ಬೈಕು, ಹಾಲಿನ ಕ್ಯಾನು, ಭಕ್ತರು ಎಲ್ಲ ಒಂದೇ ಹಲಗೆಯ ಮೇಲೆ. ಗಾಳಿ ಚೆಂದ, ನೀರು ಚೆಂದ. ಅದೇ ಲಾಂಚಿನಲ್ಲಿ ಪಕ್ಕಕ್ಕೆ ನಿಂತವನು ಜಮೀನಿನ ಪಹಣಿಗಾಗಿ ಹೊರಟವನಿರಬಹುದು, ಆಸ್ಪತ್ರೆಯಿಂದ ವಾಪಸಾಗುವವನಿರಬಹುದು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ನಮಗೆ ಅದೊಂದು ಕತೆ, ಅವನಿಗೆ ಆ ರಾತ್ರಿ ಮನೆಯಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ವಾಹನ ಹತ್ತಿಸುವುದನ್ನು ನಿಲ್ಲಿಸಿದರೆ ನಾವು ಪ್ರವಾಸ ಮುಂದೂಡುತ್ತಿದ್ದೆವು. ಹೆರಿಗೆ ನೋವನ್ನು ಮುಂದೂಡಲು ಬರುವುದಿಲ್ಲ.

ಒಂದೇ ನೀರು, ಒಂದೇ ದೋಣಿ, ಆದರೆ ಎರಡು ಪ್ರಯಾಣ. ಎರಡನ್ನೂ ಬೇರೆ ಮಾಡುವುದು ಆಯ್ಕೆ. ಬೇಡವೆನ್ನಲು ಸಾಧ್ಯವಿರುವವನಿಗೆ ನಿಧಾನ ಸೊಗಸು, ಬೇಡವೆನ್ನಲಾಗದವನಿಗೆ ಅದೇ ನಿಧಾನ ಶಿಕ್ಷೆ.

ಇದಕ್ಕೆ ಒಂದು ಎದುರು ಮಾತಿದೆ. ದಡದ ಜನರಿಗೂ ಲಾಂಚ್ ನೆನಪಾಗುವುದಿಲ್ಲವೇ? ಖಂಡಿತ ಆಗುತ್ತದೆ. ಕಾಯುವಾಗ ಆದ ಮಾತುಕತೆ, ಲಾಂಚಿನವರ ಪರಿಚಯ, ಒಬ್ಬರ ಸಾಮಾನಿಗೆ ಇನ್ನೊಬ್ಬರ ಕೈ, ದಡದ ಅಂಗಡಿಯ ವ್ಯಾಪಾರ, ಇವೆಲ್ಲ ಸೇತುವೆಯ ಮೇಲೆ ಸಿಗುವುದಿಲ್ಲ. ಕಾರಿನ ಗಾಜು ಏರಿಸಿಕೊಂಡು ಮೂರು ನಿಮಿಷದಲ್ಲಿ ದಾಟಿದವರು ಯಾರ ಮುಖವನ್ನೂ ನೋಡಬೇಕಿಲ್ಲ. ಕಷ್ಟವನ್ನು ಹಂಚಿಕೊಂಡವರ ನಡುವೆ ಹುಟ್ಟಿದ ನಂಟು ಕಷ್ಟ ಹೋದಾಗ ಸಡಿಲವಾಗುವುದು ನಿಜವಾದ ನಷ್ಟ. ಆದರೆ ಆ ನಷ್ಟದ ಲೆಕ್ಕ ಬರೆಯಬೇಕಾದವರು ಅವರೇ. ಅವರ ಪುಸ್ತಕದಲ್ಲಿ ಆಚೆ ಪುಟವೂ ಇದೆ: ಕಾದು ಕಳೆದ ಗಂಟೆಗಳು, ತಲುಪದೆ ಹೋದ ಜೀವಗಳು. ನಮ್ಮ ಪುಸ್ತಕದಲ್ಲಿ ಆ ಪುಟ ಖಾಲಿ. ಅದಕ್ಕೇ ಅವರ ಮರುಕಕ್ಕೆ ಇರುವ ತೂಕ ನಮ್ಮದಕ್ಕೆ ಬರುವುದಿಲ್ಲ.

ಹಾಲಾಡಿಯಲ್ಲಿ ಕುಳಿತು ಇದನ್ನು ಯೋಚಿಸುವಾಗ ಪಕ್ಕದಲ್ಲೇ ಹರಿಯುವ ಹೊಳೆಯನ್ನು ಮರೆಯುವಂತಿಲ್ಲ. ವಾರಾಹಿ ನಮ್ಮಲ್ಲಿಗೆ ಬರುವ ಮೊದಲೇ ಒಂದು ಕೆಲಸ ಮುಗಿಸಿರುತ್ತದೆ. ಘಟ್ಟದ ಮೇಲೆ ಮಾಣಿಯಲ್ಲಿ ಅಣೆಕಟ್ಟು, ಕೆಳಗೆ ಹೊಸಂಗಡಿಯಲ್ಲಿ ನೆಲದೊಳಗೆ ವಿದ್ಯುದಾಗಾರ. ಅಲ್ಲಿ ಯಂತ್ರ ತಿರುಗಿಸಿದ ನೀರೇ ಇಲ್ಲಿ ಹೊಳೆ. ಇಲ್ಲಿಯೂ ಮೇಲೆ ಮುಳುಗಿದವರು ಬೇರೆ, ಕೆಳಗೆ ದೀಪ ಹಾಕಿಕೊಂಡವರು ಬೇರೆ. ಅಣೆಕಟ್ಟು ಕಟ್ಟಿದ್ದು ನಾವಲ್ಲ, ಹಾಗಾಗಿ ಅಪರಾಧಿಗಳಲ್ಲ. ಆದರೆ ಸ್ವಿಚ್ಚು ಒತ್ತುವ ನಾವು ಫಲಾನುಭವಿಗಳು. ಅಪರಾಧವಿಲ್ಲದೆಯೂ ಋಣವಿರಬಹುದು.

ಋಣ ಎಂದು ಒಪ್ಪಿಕೊಂಡರೆ ಸೇತುವೆಯನ್ನು ನೋಡುವ ಬಗೆಯೂ ಬದಲಾಗುತ್ತದೆ. ಅದು ಸರ್ಕಾರದ ಕೊಡುಗೆಯಲ್ಲ, ಅರವತ್ತು ವರ್ಷ ತಡವಾಗಿ ಬಂದ ಬಾಕಿ. ಬಡ್ಡಿ ಇನ್ನೂ ಬಂದಿಲ್ಲ ಎಂದು ಅಲ್ಲಿಯವರು ಹೇಳಿದರೆ ಒರಟು ಮಾತೆನ್ನಬಾರದು.

ಈ ವಿವೇಕ ನಮ್ಮ ಹತ್ತಿರದಲ್ಲೇ ಪರೀಕ್ಷೆಗೆ ಬರುತ್ತದೆ. ಗಂಗೊಳ್ಳಿಯ ದಡದಲ್ಲಿ ನಿಂತರೆ ಪಂಚಗಂಗಾವಳಿಯ ಆಚೆ ಕುಂದಾಪುರ ಕಣ್ಣಿಗೇ ಕಾಣುತ್ತದೆ. ಬಸ್ಸು ಮಾತ್ರ ತ್ರಾಸಿ, ಹೆಮ್ಮಾಡಿ ಬಳಸಿ ಹೋಗುತ್ತದೆ. ಅಲ್ಲಿ ಸೇತುವೆ ಬೇಕೆಂಬ ಕೂಗು ಹಳೆಯದು. ಅಳಿವೆಯಲ್ಲಿ ಸಂಜೆ ದೋಣಿಯ ಚಿತ್ರ ತೆಗೆಯುವವರು ತೆಗೆಯಲಿ, ಚೆಂದ ನೋಡುವುದು ತಪ್ಪಲ್ಲ. ಆದರೆ ‘ಇದು ಹೀಗೇ ಉಳಿಯಬೇಕು’ ಎನ್ನುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಜ್ವರ ಬಂದ ಮಗುವನ್ನು ಎತ್ತಿಕೊಂಡು, ಮಳೆಗಾಲದ ರಾತ್ರಿ, ಇದೇ ದಡದಲ್ಲಿ ನಾನು ನಿಲ್ಲಲು ಸಿದ್ಧನೇ? ಅಲ್ಲವೆಂದಾದರೆ, ಉಳಿಯಬೇಕೋ ಬೇಡವೋ ಎಂಬ ಮಾತನ್ನು ಅಲ್ಲಿ ನಿಲ್ಲುವವರಿಗೆ ಬಿಡಬೇಕು.