ಮೋಡೆಮ್ ಕೇಬಲ್‌ನವರದು, ರೂಟರ್ ಅಂಗಡಿಯದು

ಬೆಂಗಳೂರಿನ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳ ಬೀದಿಯಲ್ಲಿ ತಲೆಯೆತ್ತಿದರೆ ಮೊದಲು ಕಣ್ಣಿಗೆ ಬೀಳುವುದು ವೈರು. ಕಂಬದಿಂದ ಕಂಬಕ್ಕೆ, ಕಂಬದಿಂದ ಮಾಳಿಗೆಗೆ, ಅಲ್ಲಿಂದ ಕಿಟಕಿಯ ಸಂದಿಗೆ ಇಳಿದ ಕಪ್ಪು ವೈರು. ಟಿವಿಗೆಂದು ಎಳೆದ ಇಂಥ ವೈರಿನಲ್ಲೇ ಮುಂದೆ ಇಂಟರ್‌ನೆಟ್ಟೂ ಬಂತು. ಅಮೆರಿಕದಲ್ಲಿ 1997ರಲ್ಲಿ ಡಾಕ್ಸಿಸ್ ಎಂಬ ಮಾನದಂಡ ರೂಪುಗೊಂಡ ಮೇಲೆ ಯಾವ ಕಂಪನಿಯ ಮೋಡೆಮ್ ಆದರೂ ಕೇಬಲ್ ಜಾಲಕ್ಕೆ ಹೊಂದಿಕೊಳ್ಳುವಂತಾಯಿತು. ನೆಟ್ ಹಾಕಿದರೆ ಫೋನ್ ಎಂಗೇಜ್ ಆಗುತ್ತಿದ್ದ ಡಯಲ್‌ಅಪ್ ಕಾಲದಿಂದ ಬಂದವರಿಗೆ ಅದು ದೊಡ್ಡ ಬಿಡುಗಡೆ.

ಈ ಲೈನಿನ ಗುಣಾವಗುಣ ತಿಳಿದಿದ್ದರೆ ಅರ್ಧ ತಲೆನೋವು ಕಡಿಮೆ. ಕೇಬಲ್‌ನವರು ಒಂದು ಟಿವಿ ಚಾನೆಲ್ಲಿನಷ್ಟು ಜಾಗ ಬಿಡಿಸಿ ಅದರಲ್ಲಿ ನೆಟ್ ಕಳಿಸುತ್ತಾರೆ. ಆ ಜಾಗ ಇಡೀ ಬೀದಿಗೆ ಸೇರಿದ್ದು. ರಾತ್ರಿ ಮನೆಮನೆಯಲ್ಲೂ ಸಿನಿಮಾ ಶುರುವಾದರೆ ಅಂಗಡಿಯಲ್ಲಿ ವೇಗ ಇಳಿಯುತ್ತದೆ. ಇಲ್ಲಿಂದ ಕಳಿಸುವ ದಾರಿಯಂತೂ ಇನ್ನೂ ಇಕ್ಕಟ್ಟು. ಹಳೆಯ ಕೇಬಲ್ ಜಾಲಗಳಲ್ಲಿ ಅದಕ್ಕೆ ಸಿಕ್ಕಿದ್ದು 65 ಮೆಗಾಹರ್ಟ್ಸ್‌ಗಿಂತ ಕೆಳಗಿನ ಸಣ್ಣ ಪಟ್ಟಿ ಮಾತ್ರ. ಗಿರಾಕಿ ಕಳಿಸಿದ ಫೋಟೊ ಬೇಗ ಇಳಿಯುತ್ತದೆ, ಆದರೆ ಪತ್ರಿಕೆಯ ಡಿಸೈನನ್ನು ಪ್ರೆಸ್ಸಿಗೆ ಕಳಿಸಲು ಹೊತ್ತು ಹಿಡಿಯುವುದು ಇದಕ್ಕೇ. ಅದೂ ಅಲ್ಲದೆ ಆ ಸಣ್ಣ ಪಟ್ಟಿಗೆ ಎಲ್ಲ ಮನೆಗಳ ಗದ್ದಲವೂ ಬಂದು ಸೇರುತ್ತದೆ. ಯಾರದೋ ಮಾಳಿಗೆಯ ಮೇಲೆ ತುಕ್ಕು ಹಿಡಿದ ಒಂದು ಪಿನ್, ಸಡಿಲವಾದ ಒಂದು ಜಾಯಿಂಟ್ ಸಾಕು, ಸಾಲಿನವರಿಗೆಲ್ಲ ತೊಂದರೆ. ಮಳೆ ಬಿದ್ದ ಮಾರನೆಯ ದಿನ ನೆಟ್ ಕುಂಟಿದರೆ ಕಂಪ್ಯೂಟರನ್ನು ಬೈಯುವ ಮೊದಲು ಪಿನ್ ನೋಡಿಸಿ. ಕರೆಂಟ್ ಹೋದಾಗ ಅಂಗಡಿಯಲ್ಲಿ ಯುಪಿಎಸ್ ಇದ್ದೂ ನೆಟ್ ನಿಲ್ಲುವುದಕ್ಕೆ ಕಾರಣ ಬೇರೆ. ಕಂಬದ ಮೇಲಿನ ಆಂಪ್ಲಿಫೈಯರಿಗೂ ಕರೆಂಟ್ ಬೇಕಲ್ಲ.

ಇದೆಲ್ಲ ಕೇಬಲ್‌ನವರ ಪಾಲಿನ ಕೆಲಸ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಮೋಡೆಮ್‌ನಿಂದ ಈಚೆಗಿನ ಎರಡಡಿ ಜಾಗ.

ಮೋಡೆಮ್‌ಗೆ ಸಾಮಾನ್ಯವಾಗಿ ಒಂದೇ ಐಪಿ ವಿಳಾಸ ಸಿಗುತ್ತದೆ. ಅಂಗಡಿಯಲ್ಲಿರುವುದೋ ಮುಂದೆ ಬಿಲ್ಲಿನ ಕಂಪ್ಯೂಟರ್ ಒಂದು, ಒಳಗೆ ಡಿಸೈನ್ ಮಾಡುವವರ ಎರಡು, ಜೊತೆಗೆ ಪ್ರಿಂಟರ್. ಒಂದೇ ವಿಳಾಸವನ್ನು ಇವಕ್ಕೆಲ್ಲ ಹಂಚಿಕೊಡುವುದು ರೂಟರ್. ಒಳಗಿನ ಕಂಪ್ಯೂಟರುಗಳಿಗೆ ಅದು 192.168ರಿಂದ ಶುರುವಾಗುವ ಖಾಸಗಿ ವಿಳಾಸ ಕೊಟ್ಟು, ಯಾರು ಏನು ಕೇಳಿದರೆಂದು ನೆನಪಿಟ್ಟುಕೊಂಡು, ಬಂದ ಉತ್ತರವನ್ನು ಅವರಿಗೇ ತಲುಪಿಸುತ್ತದೆ. ಒಳಗಿನವರು ಯಾರೂ ಕೇಳದಿದ್ದದ್ದು ಹೊರಗಿನಿಂದ ಬಂದರೆ ಯಾರಿಗೆ ಕೊಡಬೇಕೆಂದು ಗೊತ್ತಾಗದೆ ಅಲ್ಲೇ ಬಿಟ್ಟುಬಿಡುತ್ತದೆ. ಹೀಗಾಗಿ ಹಂಚುವ ಪೆಟ್ಟಿಗೆಯೇ ಅಂಗಡಿಯ ಶಟರ್ ಕೂಡ.

ಎಷ್ಟೋ ಕಡೆ ಈ ಶಟರೇ ಇಲ್ಲ. ಸಾವಿರ ಚಿಲ್ಲರೆ ರೂಪಾಯಿ ಉಳಿಸಲು ಮೋಡೆಮ್‌ನ ವೈರನ್ನು ನೇರವಾಗಿ ಬಿಲ್ಲಿನ ಕಂಪ್ಯೂಟರಿಗೇ ಚುಚ್ಚಿರುತ್ತಾರೆ. ಲೆಕ್ಕದ ಫೋಲ್ಡರ್ ಎಲ್ಲರಿಗೂ ಕಾಣಲಿ ಎಂದು ಅದೇ ಕಂಪ್ಯೂಟರಿನಲ್ಲಿ ಶೇರ್ ಮಾಡಿರುತ್ತಾರೆ. 2017ರ ಮೇ 12ರಂದು ಜಗತ್ತಿನ ತುಂಬ ಹರಡಿದ ವಾನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ್ದು ವಿಂಡೋಸ್‌ನ ಈ ಫೈಲ್ ಹಂಚುವ ದಾರಿಯಲ್ಲೇ. ಫೈಲುಗಳನ್ನೆಲ್ಲ ಬೀಗ ಹಾಕಿಟ್ಟು, ಬಿಡಿಸಿಕೊಳ್ಳಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಪರಿಹಾರ ಕೊಟ್ಟಿತ್ತು. ಅಪ್‌ಡೇಟ್ ಮಾಡದ, ರೂಟರಿನ ಮರೆಯೂ ಇಲ್ಲದ ಕಂಪ್ಯೂಟರುಗಳು ಸುಲಭವಾಗಿ ಸಿಕ್ಕಿಬಿದ್ದವು. ಅದೇ ವರ್ಷ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಸರಕು ಸಾಗಿಸುವ ಮುನ್ನ ತೆರಿಗೆ ಇಲಾಖೆಗೆ ನೆಟ್‌ನಲ್ಲಿ ವಿವರ ಕೊಡುವ ಇ-ಸುಗಮದ ರೂಢಿ ನಮ್ಮ ರಾಜ್ಯದ ವ್ಯಾಪಾರಿಗಳಿಗೆ ಮೊದಲೇ ಇತ್ತು, ನಿಜ. ಆದರೆ ಚಿಕ್ಕ ಚಿಕ್ಕ ಅಂಗಡಿಯ ಲೆಕ್ಕವೂ ನೆಟ್ಟಿಗೆ ಕಟ್ಟಿಬಿದ್ದದ್ದು ಆಗಲೇ. ಲೆಕ್ಕ ಕೊಡಿ ಎಂದು ಕೇಳುವವರು ಆ ಲೆಕ್ಕವನ್ನು ಕಾಪಾಡಿಕೊಳ್ಳುವ ಬಗೆಯನ್ನೂ ವ್ಯಾಪಾರಿಗೆ ಹೇಳಿಕೊಡಬೇಕಿತ್ತು ಎಂಬುದು ನನ್ನ ನಂಬಿಕೆ.

ರೂಟರ್ ಇದ್ದಲ್ಲಿ ಸಮಸ್ಯೆ ಬೇರೆ. ಅದರ ಪಾಸ್‌ವರ್ಡ್ ಯಾರ ಬಳಿ ಇದೆ?

‘ಅದೆಲ್ಲ ಕೇಬಲ್ ಹುಡುಗಂಗೆ ಗೊತ್ತು ಸಾರ್’ ಎನ್ನುತ್ತಾರೆ. ಆ ಹುಡುಗ ಪಾಪ ಬಿಸಿಲಲ್ಲಿ ಏಣಿ ಹತ್ತಿ ಇಳಿದು ದಿನಕ್ಕೆ ಹತ್ತಾರು ಕಡೆ ಓಡುವವನು. ಅವನನ್ನು ದೂರುವಂತಿಲ್ಲ. ಬೇಗ ಮುಗಿಯಲಿ ಎಂದು ಎಲ್ಲ ಅಂಗಡಿಗೂ ಒಂದೇ ಪಾಸ್‌ವರ್ಡ್ ಹಾಕಿರಬಹುದು, ಅಥವಾ ಕಂಪನಿಯಿಂದ ಬಂದ ‘ಅಡ್ಮಿನ್’ ಎಂಬುದನ್ನೇ ಬಿಟ್ಟಿರಬಹುದು. ನಾಳೆ ಅವನು ಕೆಲಸ ಬಿಟ್ಟು ಊರಿಗೆ ಹೋದರೆ ಪಾಸ್‌ವರ್ಡೂ ಅವನ ಜೊತೆ ಹೋಯಿತು. ನಗದು ಪೆಟ್ಟಿಗೆಯ ಕೀಲಿಯನ್ನು ಮಗನ ಕೈಗೂ ಯೋಚಿಸಿ ಕೊಡುವ ಯಜಮಾನರು ಇಷ್ಟು ದೊಡ್ಡ ಸಂಗತಿಯನ್ನು ಹೀಗೆ ಬಿಟ್ಟುಬಿಡಬಾರದು.

ಇನ್ನೊಂದು ಮಾತು ವೈಫೈದು. ಮದುವೆ ಮನೆಯವರು ಬಂದು ಕೂತು, ಮಾದರಿ ನೋಡುತ್ತ ನೋಡುತ್ತ ‘ವೈಫೈ ಇದೆಯಾ ಅಣ್ಣಾ?’ ಎನ್ನುತ್ತಾರೆ. ಇಲ್ಲವೆನ್ನುವುದು ವ್ಯಾಪಾರಕ್ಕೆ ಸಲ್ಲದು. ಈಚಿನ ರೂಟರುಗಳಲ್ಲಿ ಗಿರಾಕಿಗಳಿಗೇ ಬೇರೆ ವೈಫೈ ಮಾಡಿಕೊಡುವ ಸೌಲಭ್ಯವಿದೆ. ಅದರಲ್ಲಿ ಬಂದವರಿಗೆ ನೆಟ್ ಸಿಗುತ್ತದೆ, ಲೆಕ್ಕದ ಕಂಪ್ಯೂಟರ್ ಕಾಣುವುದಿಲ್ಲ. ಒಮ್ಮೆ ಹಾಕಿಟ್ಟರೆ ಆಯಿತು.

ಈಗ ಅನೇಕ ಬೀದಿಗಳಲ್ಲಿ ಕೇಬಲ್‌ನವರೇ ಹಳೆಯ ವೈರು ಬಿಚ್ಚಿ ಫೈಬರ್ ಎಳೆಯುತ್ತಿದ್ದಾರೆ. ಪಿನ್ನಿನ ತುಕ್ಕು ಹೋಗುತ್ತದೆ, ಕಳಿಸುವ ದಾರಿಯೂ ಅಗಲವಾಗುತ್ತದೆ. ಆದರೆ ಪೆಟ್ಟಿಗೆಯಿಂದ ಈಚೆಗಿನ ಎರಡಡಿ ಹಾಗೇ ಉಳಿಯುತ್ತದೆ. ಹೊಸ ಲೈನ್ ಹಾಕಿಸುವ ದಿನ ಅಂಗಡಿಯವರು ಹುಡುಗನ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂರಲಿ. ರೂಟರಿನ ಒಳಗೆ ಹೋಗುವುದು ಹೇಗೆಂದು ನೋಡಿಕೊಂಡು, ಪಾಸ್‌ವರ್ಡನ್ನು ತಾವೇ ಬದಲಿಸಿ, ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಅವನು ಹೇಗೂ ಅಂಗಡಿಯಲ್ಲೇ ಇರುತ್ತಾನೆ, ಕೇಳಿದರೆ ಹೇಳಿಕೊಡುತ್ತಾನೆ.