ಯಾರ ಮನೆ, ಯಾರ ಸಾಮಾನು

ನಾಗಮಂಗಲದಲ್ಲಿ ನಮ್ಮ ಸೋದರಮಾವನ ಗೊಬ್ಬರದಂಗಡಿ ಇದೆ. ಕಂಪ್ಯೂಟರ್ ನಿಧಾನ ಆಗಿದೆ, ನೋಡು ಅಂದ್ರು. ಹಬ್ಬಕ್ಕೆ ಬಂದಿದ್ದ ಬಿಇ ಅಳಿಯ ತಾನೇ, ಹೋದೆ. ‘ಪ್ರೋಗ್ರಾಂ ಫೈಲ್ಸ್’ನಲ್ಲಿದ್ದ ಬಿಲ್ಲಿಂಗ್ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ಹಾಕ್ಕೊಂಡು, ಡಿಸ್ಕ್ ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ, ಎಲ್ಲ ವಾಪಸ್ ಇಟ್ಟೆ. ಪ್ರೋಗ್ರಾಂ ಚೆನ್ನಾಗಿಯೇ ತೆರೆಯಿತು. ಒಳಗೆ ಒಬ್ಬ ಗಿರಾಕಿಯ ಹೆಸರೂ ಇರಲಿಲ್ಲ. ಎರಡು ವರ್ಷದ ಉದ್ರಿ ಲೆಕ್ಕ.

“ಎಲ್ಲಾ ಎತ್ತಿಟ್ಕಂಡಿದೀನಿ ಅಂದಲ್ಲೋ ಅಳಿಯ?” ಅಂದ್ರು ಮಾವ. ಬೈದಿದ್ದರೆ ವಾಸಿಯಿತ್ತು.

ಆಗಿದ್ದಿಷ್ಟು. 2007ರಲ್ಲಿ ವಿಸ್ತಾ ಬಂದಾಗಿನಿಂದ ಸಾಮಾನ್ಯ ಪ್ರೋಗ್ರಾಂಗಳು ‘ಪ್ರೋಗ್ರಾಂ ಫೈಲ್ಸ್’ ಒಳಗೆ ಬರೆಯುವಂತಿಲ್ಲ. ಹಳೇ ಪ್ರೋಗ್ರಾಂ ಬರೆಯಲು ಹೋದರೆ ವಿಂಡೋಸ್ ಬೇಡ ಅನ್ನುವುದಿಲ್ಲ. ಆಯ್ತು ಅಂತ ಹೇಳಿ, ಫೈಲನ್ನು ಸದ್ದಿಲ್ಲದೆ ‘ವರ್ಚುವಲ್ ಸ್ಟೋರ್’ ಅನ್ನೋ ಬೇರೆ ಜಾಗಕ್ಕೆ ಸಾಗಿಸುತ್ತದೆ. ಆ ಜಾಗ ಇರುವುದು ‘ಆ್ಯಪ್‌ಡೇಟಾ’ದೊಳಗೆ, ಅದು ಕಣ್ಣಿಗೆ ಕಾಣದ ಫೋಲ್ಡರ್. ನಾನು ಎತ್ತಿಟ್ಟುಕೊಂಡಿದ್ದು ಬರೀ ಪೆಟ್ಟಿಗೆ.

ತಪ್ಪು ಯಾರದು? ಪ್ರೋಗ್ರಾಂ ಬರೆದವನದು ಅಂತ ಮೊದಲು ಹಾರಾಡಿದೆ. ಲಿನಕ್ಸ್‌ನವರು ಇದಕ್ಕೆ ಕಟ್ಟುಪಾಡು ಮಾಡಿಕೊಂಡಿದ್ದಾರೆ; ಮೊದಲ ಆವೃತ್ತಿ ಬಂದಿದ್ದು 1994ರ ಫೆಬ್ರವರಿಯಲ್ಲಿ. ಸೆಟ್ಟಿಂಗ್ ‘ಎಟ್ಸಿ’ಯಲ್ಲಿ, ದಿನಾ ಬದಲಾಗೋ ಲೆಕ್ಕಪತ್ರ ‘ವಾರ್’ನಲ್ಲಿ. ‘ಯೂಸರ್ ಲೋಕಲ್’ ಯಜಮಾನನ ಸ್ವಂತ ಜಾಗ, ಸಿಸ್ಟಂ ಅಪ್‌ಡೇಟ್ ಆದಾಗಲೂ ಅದನ್ನು ಮುಟ್ಟಬಾರದು. ನನಗೆ ತುಂಬ ಇಷ್ಟವಾಗೋದು ಇದೇ. ಬೀಗರ ಮನೆಗೆ ಹೋದವರು ದೇವರಮನೆಗೆ ಕೇಳದೆ ನುಗ್ಗುತ್ತಾರಾ? (ಎಲ್ಲ ನಿಯಮವೂ ಹೀಗೆ ಘನವಾದದ್ದೇನಲ್ಲ. ‘ಬಿನ್’ ಎರಡು ಕಡೆ ಇರೋದಕ್ಕೆ ಕಾರಣ ಬೆಲ್ ಲ್ಯಾಬ್ಸ್‌ನ ಒಂದು ಪುಟ್ಟ ಡಿಸ್ಕ್ ತುಂಬಿಹೋಗಿದ್ದು, ಅಷ್ಟೆ.)

ವೈರಮುಡಿ ವರ್ಷವಿಡೀ ಮಂಡ್ಯದ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಶ್ರೀರಂಗಪಟ್ಟಣ ತಾಲ್ಲೂಕಿನ ಕಿರಂಗೂರು, ಆಮೇಲೆ ಪಾಂಡವಪುರ ದಾಟಿ ಮೇಲುಕೋಟೆಗೆ ಹೋಗುತ್ತದೆ, ಮತ್ತೆ ಖಜಾನೆಗೇ ಬರುತ್ತದೆ. ಕೆ.ಆರ್. ಪೇಟೆಯ ನಮ್ಮಜ್ಜಿ ಖಜಾನೆಯ ಬಾಗಿಲೂ ಕಂಡವಳಲ್ಲ, ಆದರೂ ಅದು ಎಲ್ಲಿದೆ ಅಂತ ಕೇಳಿದರೆ ಹೇಳುತ್ತಾಳೆ. ಇಟ್ಟವನು ಇಲ್ಲದಿದ್ದಾಗಲೂ ಇನ್ನೊಬ್ಬರಿಗೆ ಸಿಗಬೇಕಲ್ಲ, ಜಾಗ ಸರಿಯೋ ತಪ್ಪೋ ಅನ್ನೋದನ್ನ ನಾನು ಈಗ ಹಾಗೆ ಅಳೆಯುತ್ತೇನೆ. ಮಾವನ ಲೆಕ್ಕ ಭದ್ರವಾಗಿಯೇ ಇತ್ತು. ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಬರೆದ ಪ್ರೋಗ್ರಾಂಗೂ ಗೊತ್ತಿರಲಿಲ್ಲ.

ವಿಂಡೋಸ್ ಮಾಡಿದ್ದೂ ಕೇಡಿಗಲ್ಲ. ಹಳೇ ಪ್ರೋಗ್ರಾಂ ನಿಂತುಹೋಗದಿರಲಿ ಅನ್ನೋ ಕರುಣೆಯಿಂದ ಹೇಳಿದ ಸುಳ್ಳು. ಆದರೆ ಬೇರೆಯವರ ವಸ್ತು ಅವರಿಗೆ ತಿಳಿಸದೆ ಸಾಗಿಸಿದ ಮೇಲೆ ಕರುಣೆ ಎಲ್ಲಿ ಬಂತು?

ಹಾಗೆ ಕೇಳೋ ಯೋಗ್ಯತೆ ನನಗೂ ಅಷ್ಟಕ್ಕಷ್ಟೆ. ಎತ್ತಿಟ್ಟುಕೊಂಡಿದ್ದನ್ನ ಒಂದು ಸಲ ತೆರೆದೂ ನೋಡಿರಲಿಲ್ಲ. ಇನ್ನೊಂದು ವಿಷಯ: ಬೆಂಗಳೂರಿನ ಕೆಲಸದಲ್ಲಿ ನಾನೇ ಬರೆದ ಇನ್‌ಸ್ಟಾಲರ್ ಗ್ರಾಹಕರ ಹೋಮ್ ಫೋಲ್ಡರಿನಲ್ಲಿ ಚುಕ್ಕಿ ಹೆಸರಿನ ಗುಪ್ತ ಫೋಲ್ಡರ್ ಮಾಡಿ ಫೈಲು ಸುರಿಯುತ್ತಿತ್ತು. ಅನುಮತಿ ಕೇಳಿದರೆ ಅವರು ಪ್ರಶ್ನೆ ಕೇಳುತ್ತಾರೆ ಅಂತ ನಾನೇ ಹಾಗೆ ಬರೆದಿದ್ದು. ಊರಿಂದ ಬಂದ ವಾರ ಅದನ್ನು ತಿದ್ದಿದೆ. ಈಗ ಕೇಳುತ್ತದೆ, ಎಲ್ಲಿಟ್ಟೆ ಅಂತ ಹೇಳುತ್ತದೆ.

ಬಿಂಡಿಗನವಿಲೆ ಕಡೆಯ ಕೆಲವರು ತಾವಾಗೇ ಬಂದು ಬಾಕಿ ಹೇಳಿದರಂತೆ. ಕೆಲವರು ಬರಲಿಲ್ಲ, ಮಾವ ಕೇಳಲೂ ಇಲ್ಲ. ಕಂಪ್ಯೂಟರ್ ಜೊತೆಗೆ ಈಗ ಒಂದು ಉದ್ದನೆ ಪುಸ್ತಕವೂ ಇದೆ, ಗಲ್ಲಾಪೆಟ್ಟಿಗೆಯ ಕೆಳಗೆ. ಹೋದ ಸಲ ಹೋದಾಗ ಅತ್ತೆಯನ್ನೂ ಅಂಗಡಿ ಹುಡುಗನನ್ನೂ ಕರೆದು, “ನೋಡ್ಕಳ್ಳಿ, ಇಲ್ಲೇ ಇರ್ತದೆ” ಅಂತ ತೋರಿಸುತ್ತಿದ್ದರು.